ಕಾಮಣಿ ಕಂಪನಿ

ನಮ್ಮ ಅಂಗಡಿಯ ಅರಿಷಿಣದಲ್ಲಿ ಕಲಬೆರಕೆ ಇದೆ ಎಂದು ನನ್ನ ಮುಖಕ್ಕೆ ಹೊಡೆದಂತೆ ಹೇಳಿದವಳು ಜತ್ತದ ಹತ್ತಿರದ ನಮ್ಮ ಇಡೀ ಮುಚ್ಚಂಡಿ ಊರಿನಲ್ಲಿ ಒಬ್ಬಳೇ. ನಮ್ಮ ಓಣಿಯ ಮೂಲೆಮನೆಯ ಯಜಮಾನಿ. ನನಗಿಂತ ವಯಸ್ಸಿನಲ್ಲಿ ದೊಡ್ಡವಳು, ಅದಕ್ಕೇ ಎಲ್ಲರಂತೆ ನಾನೂ ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳ ಮಗನ ಮದುವೆಯಾಗಿ ಒಂದು ವಾರವೂ ಕಳೆದಿರಲಿಲ್ಲ. ಬೆಳಿಗ್ಗೆ ಅಂಗಡಿಯ ಹಲಗೆ ತೆಗೆಯುವುದೇ ತಡ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಗಿರಾಕಿಗಳೆಲ್ಲ ಕೇಳುವ ಹಾಗೆ ಶುರು ಮಾಡಿದಳು.

“ಏನ್ ಅರಿಷಿಣ ಮಾರ್ತೀರಿ ನಮ್ಮವ್ವಾ! ಬಣ್ಣ ಕಲಸೀರಿ ಅದರಾಗ. ಸುರಗಿ ನೀರ ಹಾಕಿ ಎಷ್ಟ ದಿನಾತು, ಸೊಸಿ ಮೈಮ್ಯಾಲಿಂದು ಹೋಗವಲ್ಲದು. ಕಡ್ಲಿ ಹಿಟ್ಟ ಹಚ್ಚಿ ತಿಕ್ಕೀನಿ, ಸೀಗಿಕಾಯಿ ಹಚ್ಚಿ ತಿಕ್ಕೀನಿ. ನನ್ನ ಕೈ ಸೋತೂವು, ಹಳದಿ ಹಂಗ ಐತಿ!”

ಮದುವೆಯಲ್ಲಿ ಅರಿಷಿಣ ಹಚ್ಚಿದ ಮೇಲೆ ವಧುವರರಿಗೆ ಎರೆಯುವ ಸ್ನಾನವೇ ಸುರಗಿ. ಅದಾದ ಮೇಲೆ ಎಂಥ ದಟ್ಟ ಅರಿಷಿಣವಾದರೂ ಮೂರನೆಯ ಸ್ನಾನಕ್ಕೆ ಹೋಗಲೇಬೇಕು. ಸಾಂಗಲಿ ಪೇಟೆಯಿಂದ ಕೊಂಬು ತರಿಸಿ, ನಾನೇ ಕುಟ್ಟಿ, ನಾನೇ ಜರಡಿ ಹಿಡಿದ ಅರಿಷಿಣ ಅದು. ನನ್ನ ಗಂಡ ತಕ್ಕಡಿ ಹಿಡಿದು ಸುಮ್ಮನೆ ಕೂತಿದ್ದರು. ಅವರಿಗೆ ಸಿಟ್ಟು ಬರುವುದಿಲ್ಲ, ಅವರ ಪಾಲಿನದೂ ನನಗೇ ಬಂದಿದೆ. “ನಡಿ ನಿಮ್ಮ ಮನಿಗಿ. ನೀನ ಸರಿಯಾಗಿ ತಿಕ್ಕಿಲ್ಲ, ನಾ ತಿಕ್ಕಿ ತೋರಸ್ತೀನಿ,” ಎಂದು ಕಟ್ಟೆ ಇಳಿದೆ.

ಮದುಮಗಳು ಒಳಕೋಣೆಯಲ್ಲಿ ಜೋಳದ ಚೀಲಗಳಿಗೆ ಒರಗಿ ಕೂತಿದ್ದಳು. ಯಳವಿ ಎಂಬ ಊರಿನ ಹುಡುಗಿ, ಮದುವೆಯಲ್ಲಿ ನೋಡಿದ್ದಕ್ಕಿಂತ ಅರ್ಧ ಇಳಿದಿದ್ದಳು. ಕೈಬಳೆಗಳು ಮೊಣಕೈತನಕ ಸರಿಯುತ್ತಿದ್ದವು. ನಾನು ಸಿಟ್ಟಿನಲ್ಲೇ ಗದ್ದ ಹಿಡಿದು ಅವಳ ಮುಖವನ್ನು ಬೆಳಕಿಂಡಿಯ ಕಡೆ ತಿರುಗಿಸಿದೆ. ಅಷ್ಟೇ, ನನ್ನ ಸಿಟ್ಟು ಅಲ್ಲಿಗೇ ನಿಂತಿತು. ಅರಿಷಿಣವನ್ನು ಕಣ್ಣೊಳಗೆ ಯಾರು ಹಚ್ಚುತ್ತಾರೆ?

“ಉಚ್ಚಿ ಎಂಥಾ ಬಣ್ಣ ಐತವ್ವಾ?” ಎಂದು ಕಿವಿಯಲ್ಲಿ ಕೇಳಿದೆ.

ಹುಡುಗಿ ನಾಚಿ ತಲೆ ತಗ್ಗಿಸಿದಳು. “ಕರೀ ಚಾದಂಗ ಐತ್ರಿ,” ಎಂದಳು. “ಮದುವಿ ಮೊದಲ ಜ್ವರ ಬಂದಿದ್ದೂವು. ದಣಿವು ಅಂತ ಅಂದ್ರು.”

ಕಾಮಣಿ, ಅಂದರೆ ಕಾಮಾಲೆ. ಮರಾಠಿಯವರು ಕಾವೀಳ ಎನ್ನುತ್ತಾರೆ. ಮದುವೆಗೆ ಮೊದಲೇ ಹುಡುಗಿಗೆ ಅದು ಹತ್ತಿತ್ತು, ಮೇಲೆ ಅರಿಷಿಣ ಮೆತ್ತಿದ್ದರಿಂದ ಯಾರಿಗೂ ತಿಳಿದಿರಲಿಲ್ಲ. ಮುತ್ತೈದೆಯರು ಸುತ್ತ ನಿಂತು ‘ಬಣ್ಣ ಎಷ್ಟ ಚಲೋ ಕುಂತೈತಿ’ ಎಂದು ಮೆಚ್ಚಿದ್ದೇ ಮೆಚ್ಚಿದ್ದು. ಊಟಕ್ಕೆ ಬಂದಿದ್ದ ಸರಕಾರಿ ದವಾಖಾನೆಯ ನರ್ಸಬಾಯಿ ಕೂಡ ಅದೇ ಮಾತು ಆಡಿ ಹೋಳಿಗೆ ತಿಂದು ಹೋಗಿದ್ದಳು.

ನನಗೆ ಹೇಗೆ ಗೊತ್ತಾಯಿತು ಎಂದರೆ, ನಾನೂ ಹಳದಿಯಾಗಿ ಎದ್ದವಳು. ಅರವತ್ತರ ದಶಕದ ಆರಂಭದಲ್ಲಿ, ನಾನು ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ನನಗೆ ಕಾಮಣಿಯಾಗಿತ್ತು. ಪಕ್ಕದ ಊರಿನಿಂದ ಬರೆ ಹಾಕುವವನನ್ನು ಕರೆಸಿದರು. ಅವನು ಕಬ್ಬಿಣದ ಸಲಾಕೆ ಕಾಯಿಸಿ ನನ್ನ ಮುಂಗೈ ಮೇಲೆ ಎಳೆದ. ಕಾಮಣಿ ತನ್ನ ಪಾಡಿಗೆ ತಾನು ಇಳಿದು ಹೋಯಿತು. ಆ ಬರೆ ಕೀವು ಕಟ್ಟಿ ಮಳೆಗಾಲವಿಡೀ ಕಾಡಿತು. ಯಶಸ್ಸು ಮಾತ್ರ ಬರೆ ಹಾಕಿದವನಿಗೆ! ಈಗಲೂ ಆ ಗುರುತು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆದರೆ ಬರೆಗಿಂತ ಹೆಚ್ಚು ಉರಿದದ್ದು ಬೇರೆ. ನನ್ನ ತಾಟು, ನನ್ನ ಲೋಟ ಬೇರೆ ಮಾಡಿದರು. ಹಿತ್ತಲ ಕೋಣೆಯ ಹೊಸ್ತಿಲ ಹೊರಗೆ ಊಟ ಇಟ್ಟು ಕಾಲಿನಿಂದ ಒಳಗೆ ಸರಿಸುತ್ತಿದ್ದರು. ನಾನು ಸಾಯುತ್ತೇನೋ ಬದುಕುತ್ತೇನೋ ಎಂದು ಹೇಳುವವರು ಯಾರೂ ಇರಲಿಲ್ಲ. ಹೀಗಿರುವಾಗ ಒಂದು ಮಧ್ಯಾಹ್ನ ಬೆಲ್ಲ, ಚಹಾಪುಡಿ ಒಯ್ಯಲು ಅಂಗಡಿಗೆ ಬಂದಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಸುದ್ದಿ ಕೇಳಿ ನೆಟ್ಟಗೆ ಹಿತ್ತಲಿಗೇ ಬಂದಳು. ಊರ ಹೊರಗಿನ ಹಟ್ಟಿಯವಳು, ಕುರಿ ಕಾಯುವ ಮನೆತನದವಳು. ಊರೆಲ್ಲ ಅವಳನ್ನು ಆಯಿ ಎಂದು ಕರೆಯುತ್ತಿತ್ತು. ಹೆಗಲ ಮೇಲಿನ ಕಂಬಳಿ ಹಾಸಿ ನನ್ನೆದುರು ಕೂತಳು.

“ಉಂಡಿ ಏನವ್ವಾ?”

“ಒಲ್ಲೆ ಆಯಿ, ಇಳಿಯವಲ್ಲದು.”

“ಒಬ್ಬಾಕೀನ ಉಂಡ್ರ ಹೆಂಗ ಇಳೀತೈತಿ?” ಎಂದವಳೇ ನನ್ನ ಗಂಗಾಳಕ್ಕೆ ಕೈ ಹಾಕಿ ನುಚ್ಚು ಕಲಸಿ ಒಂದು ತುತ್ತು ತಿಂದಳು. “ನಾನೂ ಹಿಂಗ ಹಳದಿ ಆಗಿದ್ದೆ. ನನ್ನ ಮಗ ಹಾಲ ಕುಡೀತಿದ್ದಾಗ. ಈಗ ಆ ಮಗಗ ಮೀಸಿ ಬಂದಾವ. ನೋಡ, ಸತ್ತೀನೇನ?”

ನಮ್ಮ ಅತ್ತೆ ಬಾಗಿಲಲ್ಲಿ ನಿಂತು ಬಾಯಿ ಬಡಿದುಕೊಂಡರು. ನಮ್ಮದು ಲಿಂಗ ಕಟ್ಟುವ ಮನೆ, ಅವರದು ಕುರಿ ಕೊಯ್ಯುವ ಮನೆ. ನನಗೆ ಅದ್ಯಾವುದೂ ಕೇಳಿಸಲಿಲ್ಲ. ಎಷ್ಟೋ ದಿನಗಳ ಮೇಲೆ ಒಂದು ಮನುಷ್ಯ ಜೀವ ನನ್ನ ಎದುರು ಕೂತು ಉಣ್ಣುತ್ತಿತ್ತು. ನಾನು ಅಳುತ್ತ ಅಳುತ್ತಲೇ ಇಡೀ ಗಂಗಾಳ ಖಾಲಿ ಮಾಡಿದೆ.

ಮುಂದೆ ಜತ್ತದ ಸರಕಾರಿ ದವಾಖಾನೆಯಿಂದ ನರ್ಸಬಾಯಿ ಬಸ್ಸಿಗೆ ಬರತೊಡಗಿದಳು. ಮಿರಜ ಕಡೆಯವಳು, ಬಿಳಿ ಸೀರೆ, ಕರಿ ಛತ್ರಿ. ‘ಪಾಣಿ ಉಕಳೂನ ಪ್ಯಾ, ನೀರ ಕುದಿಸಿ ಕುಡೀರಿ’ ಎಂದು ಎರಡು ಭಾಷೆಯಲ್ಲಿ ಹೇಳಿ ಹೇಳಿ ಸೋತಿದ್ದಳು. ನೀರು ಕುದಿಸಲು ಒಲೆಗೆ ಸೆಗಣಿಯ ಕುಳ್ಳು ಯಾರು ಕೊಡುತ್ತಾರೆ ಎಂದು ಹೆಂಗಸರು ಅವಳನ್ನೇ ಕೇಳುತ್ತಿದ್ದರು. ಅದೂ ಖರೆಯೇ, ರೊಟ್ಟಿ ಬೇಯಿಸಲಿಕ್ಕೇ ಕುಳ್ಳು ಸಾಲದ ಊರು. ಒಂದು ದಿನ ಅವಳು ನನ್ನ ಮುಂಗೈ ಮೇಲಿನ ಬರೆ ನೋಡಿ, “ವೈನಿ, ಬರಿ ಹಾಕಸಬ್ಯಾಡ್ರಿ ಅಂತ ನಾ ಹೇಳಿದ್ರ ಯಾರೂ ಕೇಳೂದಿಲ್ಲ. ನೀವು ಈ ಕೈ ತೋರಿಸ್ರಿ, ಕೇಳ್ತಾರ,” ಎಂದಳು.

ಹಾಗೆ ಶುರುವಾಯಿತು. ಸುತ್ತಲಿನ ಹಳ್ಳಿ, ವಸ್ತಿಗಳಲ್ಲಿ ಯಾರಿಗೆ ಕಾಮಣಿಯಾದರೂ ನಾನು, ಆಯಿ ಹೋಗಿ ಕೂರುತ್ತಿದ್ದೆವು. ಔಷಧ ಕೊಡುವ ಉಸಾಬರಿ ನಮ್ಮದಲ್ಲ. ಕೂರುವುದು, ನಮಗೆ ಏನೇನಾಗಿತ್ತು ಎಂದು ಹೇಳುವುದು, ಒಂದೇ ಗಂಗಾಳದಲ್ಲಿ ಉಣ್ಣುವುದು. ನಿಮಗೆ ಬಂದು ಹೋಗಿದೆ, ನಿಮಗೆ ಅಡ್ಡಿಯಿಲ್ಲ, ಬೇರೆಯವರು ಮಾತ್ರ ಹಾಗೆ ಉಣ್ಣಬಾರದು ಎಂದು ನರ್ಸಬಾಯಿ ಹೇಳಿದ್ದಳು. ಕಾಮಣಿಯಲ್ಲಿ ಹಲವು ಜಾತಿ ಇವೆ, ಒಂದು ಬಂದು ಹೋದರೂ ಇನ್ನೊಂದು ಬರಬಹುದು ಎಂದು ಈಗಿನ ಡಾಕ್ಟರರು ಹೇಳುತ್ತಾರೆ. ಆಗ ನಮಗೆ ಅಷ್ಟು ತಿಳಿದಿರಲಿಲ್ಲ. ಒಂದು ಮಾತನ್ನು ಮಾತ್ರ ಅವಳು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂರಿಸಿದ್ದಳು. ರೋಗಿ ಬಸುರಿಯಾಗಿದ್ದರೆ, ಇಲ್ಲವೇ ಮಾತು ತೊದಲತೊಡಗಿದರೆ ಕೂಡಲೇ ಗಾಡಿ ಹೂಡಿ ದವಾಖಾನೆಗೆ ಒಯ್ಯಬೇಕು. ಒಬ್ಬ ಬಸುರಿಯನ್ನು ಹಾಗೆ ಕಳೆದುಕೊಂಡಿದ್ದೆವು, ಆ ಹೆಂಗಸಿನ ಮುಖವನ್ನು ನಾನು ಇನ್ನೂ ಮರೆತಿಲ್ಲ.

ನಾವು ಹೊರಡುವುದು ಕಂಡರೆ ನನ್ನ ಗಂಡ ಅಂಗಡಿಯಿಂದಲೇ ಕೂಗುತ್ತಿದ್ದರು: “ಕಾಮಣಿ ಕಂಪನಿ ಹೊಂಟಿತೇನ್ರಿ? ಇವತ್ತ ಯಾವ ಊರಾಗ ಆಟ?” ನಾಟಕ ಕಂಪನಿಯ ಮಾತು ಅದು. ಊರಿನವರಿಗೂ ಆ ಹೆಸರು ರೂಢಿಯಾಯಿತು.

ಈಗ ಮೂಲೆಮನೆಗೆ ಬರುತ್ತೇನೆ. ಹುಡುಗಿಗೆ ಕಾಮಣಿಯಾಗಿದೆ ಎಂದು ನಾನು ಹೇಳಿದ್ದೇ ತಡ, ಅಕ್ಕನ ಸಿಟ್ಟು ನಮ್ಮ ಅಂಗಡಿಯನ್ನು ಬಿಟ್ಟು ಬೀಗರ ಮೇಲೆ ತಿರುಗಿತು.

“ಗೊತ್ತಿದ್ದೂ ಕೊಟ್ಟಾರ! ಅದಕ್ಕ ಅಷ್ಟ ದಪ್ಪಗ ಅರಿಷಿಣ ಬಳದಿದ್ರು. ರೋಗದ ಹುಡಿಗೀನ ಮುಚ್ಚಿ ನನ್ನ ಮಗನ ಕೊಳ್ಳಿಗಿ ಕಟ್ಯಾರ. ಬರಿ ಹಾಕಿಸಿ ಇವಳ್ನ ಅವರ ಮನಿಗಿ ಕಳಿಸ್ತೀನಿ. ಇಟ್ಕೊಳ್ಳಿ ಅವರ ಮಾಲ ಅವರ!”

ಹುಡುಗಿ ಚೀಲಗಳ ಸಂದಿಯಲ್ಲಿ ಇನ್ನಷ್ಟು ಕುಗ್ಗಿದಳು. ಮಗ ಪಡಸಾಲೆಯಲ್ಲಿ ನೆಲ ನೋಡುತ್ತ ನಿಂತಿದ್ದ. ಹಳದಿ ಕಣ್ಣಿನೊಂದಿಗೆ ತವರಿಗೆ ಹೋದ ಮದುಮಗಳನ್ನು ಕರೆತರಲು ಮತ್ತೆ ಯಾರೂ ಹೋಗುವುದಿಲ್ಲ ಎಂಬುದು ಓಣಿಗೆಲ್ಲ ಗೊತ್ತು. ರೋಗಿಷ್ಟಿ ಎಂಬ ಮಾತು ಅವಳಿಗಿಂತ ಮುಂಚೆ ಯಳವಿ ಮುಟ್ಟುತ್ತದೆ. ಅಲ್ಲಿಗೆ ಅವಳ ಬಾಳು ಮುಗಿದ ಹಾಗೆಯೇ.

ನಾನು ಸಮಾಧಾನದಿಂದ ಮಾತಾಡಬೇಕಿತ್ತು. ಸಮಾಧಾನ ನನ್ನ ಹಣೆಯಲ್ಲಿ ಬರೆದಿಲ್ಲ. “ಹುಡಿಗಿ ಜೀವ ಹೋಗಾಕತ್ತೈತಿ, ನಿನಗ ಮೋಸದ ಚಿಂತಿ! ಮದುವ್ಯಾಗ ನಿನ್ನ ಕಣ್ಣ ಏನ ಕುರುಡ ಆಗಿದ್ದೂವೇನ?” ಎಂದುಬಿಟ್ಟೆ.

“ಇಳೀ ನಮ್ಮ ಪಡಸಾಲಿ. ಇನ್ನ ಈ ಮನಿ ಮೆಟ್ಟಲಾ ಹತ್ತೀದಿ ಅಂದ್ರ ನೋಡ,” ಎಂದಳು ಅಕ್ಕ. ನಾನೂ ಹತ್ತುವುದಿಲ್ಲ ಎಂದು ಕೂಗಿ ಬಂದೆ.

“ಯಾಕ, ಮೊದಲನೇ ಅಂಕಕ್ಕ ಪರದೆ ಬಿತ್ತೇನ?” ಎಂದು ನನ್ನ ಗಂಡ ಕೇಳಿದರು. ಆ ಹೊತ್ತಿಗೆ ನನಗೆ ಅವರ ತಲೆಯ ಮೇಲೆ ತಕ್ಕಡಿ ಕುಕ್ಕುವಷ್ಟು ಸಿಟ್ಟು ಬಂದಿತ್ತು.

ಮರುದಿನ ಆಯಿ ಒಬ್ಬಳೇ ಹೋದಳು. ನಾನು ಬೀದಿಯ ಈಚೆ ನಮ್ಮ ಕಟ್ಟೆಯ ಮೇಲೆ ಕಾಳು ಕೇರುವ ನೆಪ ಮಾಡಿಕೊಂಡು ಕಿವಿ ಅಲ್ಲಿಟ್ಟೆ. ಆಯಿ ಕಾಮಣಿಯ ಮಾತೇ ಎತ್ತಲಿಲ್ಲ. ಮೆಟ್ಟಿಲ ಮೇಲೆ ಉಸ್ಸೆಂದು ಕೂತು, “ಯವ್ವಾ, ಭಾಳ ಹಸಿವ್ಯಾಗೇತಿ. ನುಚ್ಚು ಮಜ್ಜಿಗಿ ಐತೇನ?” ಎಂದಳು. ಹಸಿದು ಬಂದವರಿಗೆ ಇಲ್ಲ ಎನ್ನದ ಮನೆ ತಮ್ಮದು ಎಂಬ ಹೆಮ್ಮೆ ಮೂಲೆಮನೆ ಅಕ್ಕನಿಗೆ ಯಾವಾಗಲೂ ಇತ್ತು. ಗಂಗಾಳ ತುಂಬ ತಂದಿಟ್ಟಳು. ಆಯಿ ಅದನ್ನು ಎತ್ತಿಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ ನೆಟ್ಟಗೆ ಒಳಕೋಣೆಗೆ ನಡೆದಳು.

“ಅಯ್ಯ, ಅಲ್ಲಿ ಯಾಕ ಹೊಂಟಿ? ನಿನಗ ಹತ್ತಿದ್ರ?” ಎಂದು ಅಕ್ಕ ಹಿಂದೆಯೇ ಓಡಿದಳು.

“ನನಗ ಬಂದು ಹೋಗೇತಿ ಬಿಡವ್ವಾ. ಮತ್ತ ಬಂದ್ರ ಬರ್ಲಿ. ಈ ವಯಸ್ಸಿನ್ಯಾಗ ನಾ ಒಬ್ಬಾಕಿ ಕುಂತ ಉಣ್ಣಾಕ ಒಲ್ಲೆ.”

ಅಂದು ಹುಡುಗಿ ಉಂಡಳು. ಆಯಿ ಅವಳಿಗೆ ಕುರಿಗಳ ಸುದ್ದಿ ಹೇಳಿದಳಂತೆ, ತಾನು ಹಳದಿಯಾಗಿದ್ದಾಗ ಗಂಡ ಹೆದರಿ ಕುರಿ ಹೊಡೆದುಕೊಂಡು ಹೋದವನು ತಿಂಗಳುಗಟ್ಟಲೆ ಬಾರದೇ ಇದ್ದದ್ದನ್ನು ಹೇಳಿ ನಗಿಸಿದಳಂತೆ. ಏಳುವ ಮುಂಚೆ ಅಕ್ಕನ ಕಡೆ ತಿರುಗಿ, “ನಡದಾಡಿದ್ರ ಕಾಲ ನಡಗತಾವ ಇದರಾಗ. ಗುಣ ಆಗೂತನಕ ಇಟ್ಕೋ. ನಿಮ್ಮದು ಉಣಸೂ ಮನಿ,” ಎಂದಳು.

ಅಕ್ಕ ಒಂದು ಷರತ್ತು ಹಾಕಿದಳು. ಕಣ್ಣು ಬೆಳ್ಳಗಾಗುವತನಕ ಹುಡುಗಿ ಇಲ್ಲಿರಲಿ. ಬೆಳ್ಳಗಾದ ದಿನ ಮಗ ಅವಳನ್ನು ತವರಿಗೆ ಬಿಟ್ಟು ಬರಲಿ. ಬರೆ ಹಾಕಿಸುವುದು ನಿಂತಿತು. ಆದರೆ ಷರತ್ತು ಮರೆಯಬಾರದೆಂದು ಹುಡುಗಿಯ ತಗಡಿನ ಟ್ರಂಕನ್ನು ಅಕ್ಕ ಪಡಸಾಲೆಯ ಬಾಗಿಲಲ್ಲೇ ತಂದು ಇರಿಸಿದಳು. ತವರಿನವರು ಕೊಟ್ಟ ಹಸಿರು ಟ್ರಂಕು, ಮೇಲೆ ಗುಲಾಬಿ ಹೂವು. ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು.

ನರ್ಸಬಾಯಿ ಬಂದು ನೋಡಿ, ವಿಶ್ರಾಂತಿ ಬೇಕು, ಎಣ್ಣೆ ಹಾಕದ ಊಟ ಕೊಡಿ, ಮನೆಯವರೆಲ್ಲ ನೀರು ಕುದಿಸಿ ಕುಡಿಯಿರಿ, ಕೈ ತೊಳೆಯಿರಿ ಎಂದು ಹೇಳಿಹೋದಳು. ಕುಳ್ಳಿನ ತಕರಾರು ಬರುವ ಮೊದಲೇ ನಾನು ನಮ್ಮ ಹಿತ್ತಲಿನ ತೊಗರಿ ಕಟ್ಟಿಗೆ ಹೊರಿಸಿ ಕಳಿಸಿದೆ. ಅಕ್ಕ ಕಟ್ಟಿಗೆ ಇಳಿಸಿಕೊಂಡಳು, ನೀರೂ ಕುದಿಸಿದಳು, ಆದರೆ ಹುಡುಗಿಗೆ ಮಾತ್ರ. “ಕಾಸಿದ ನೀರ ರೋಗಿಷ್ಟರಿಗಿ. ನಾ ಕಲ್ಲ ತಿಂದು ಕರಗಿಸಿದಾಕಿ,” ಎಂದು ತಾನು ಬಾವಿಯ ನೀರನ್ನೇ ಕುಡಿದಳು.

ನಾನು ಮೆಟ್ಟಿಲು ಹತ್ತುವಂತಿರಲಿಲ್ಲವಲ್ಲ, ಮಾತು ಎಂದರೆ ಮಾತು. ಅದಕ್ಕೇ ದಿನಾಲೂ ಅವರ ಹಿತ್ತಲ ಮೋಟು ಗೋಡೆಯ ಈಚೆ ನಿಲ್ಲುತ್ತಿದ್ದೆ. ಹುಡುಗಿ ಬಿಸಿಲಿಗೆ ಬಂದು ಆಚೆ ಕೂರುತ್ತಿದ್ದಳು. ಆಯಿ ಒಳಗಿನ ಕಂಪನಿ, ನಾನು ಹೊರಗಿನ ಕಂಪನಿ. ಬಾಯಿಗೆ ಕಹಿ ಯಾವಾಗ ಹೋಗುತ್ತದೆ, ಮೈ ತುರಿಸಿದರೆ ಏನು ಮಾಡಬೇಕು ಎಂದೆಲ್ಲ ಹೇಳುತ್ತಿದ್ದೆ. ಎಲ್ಲ ಕೇಳಿಸಿಕೊಂಡು ಕೊನೆಗೆ ಅವಳು ಒಂದೇ ಮಾತು ಕೇಳುವಳು.

“ಅಕ್ಕಾರ, ನನ್ನ ಕಣ್ಣ ಇವತ್ತ ಹೆಂಗ ಅದಾವ್ರಿ?”

“ಕಡಿಮಿ ಆಗ್ಯಾವ ತಂಗಿ. ಇನ್ನೊಂದೀಟು ದಿನ. ಲಗೂನ ಬೆಳ್ಳಗ ಆಕ್ಕಾವ,” ಎಂದು ನಾನು ಉಬ್ಬಿನಿಂದ ಹೇಳಿದೆ ಒಂದು ದಿನ.

ಅವಳ ಮುಖ ಸಣ್ಣದಾಯಿತು. “ಆಗೂದು ಬ್ಯಾಡ್ರಿ. ಹಿಂಗ ಇರ್ಲಿ ಅಂತ ಶಿವಗ ಕೈ ಮುಗೀತೀನ್ರಿ,” ಎಂದಳು. “ಬೆಳ್ಳಗ ಆದ್ರ ನನ್ನ ಕಳಿಸ್ತಾರ.”

ಎಷ್ಟೋ ಮಂದಿ ಹಳದಿ ಕಣ್ಣಿನವರ ಜೊತೆ ಕೂತಿದ್ದೆ, ಗುಣವಾಗಲಿ ಎಂದು ಬೇಡುವವರನ್ನು ಕಂಡಿದ್ದೆ. ಗುಣವಾಗುವುದು ಬೇಡ ಎಂದು ಬೇಡಿಕೊಂಡವಳು ಇವಳೊಬ್ಬಳೇ. ಅಂದು ಮನೆಗೆ ಬಂದು ಸುಮ್ಮಸುಮ್ಮನೆ ಎಲ್ಲರ ಮೇಲೂ ರೇಗಿದೆ.

ಕಣ್ಣಿಗೆ ಅವಳ ಪ್ರಾರ್ಥನೆ ಕೇಳಿಸಲಿಲ್ಲ. ಮೊದಲು ಮೂಲೆಗಳು, ಆಮೇಲೆ ಇಡೀ ಕಣ್ಣು ತಿಳಿಯಾಯಿತು. ಬಾಯಿಗೆ ರುಚಿ ಬಂತು, ಕೆನ್ನೆ ತುಂಬಿತು. ಅವಳೇ ನೀರು ತರುವಷ್ಟು, ರೊಟ್ಟಿ ಬಡಿಯುವಷ್ಟು ಗಟ್ಟಿಯಾದಳು. ಜತ್ತದ ಸಂತೆಯ ದಿನದ ಬಸ್ಸಿಗೆ ಮಗ ಅವಳನ್ನು ಕರೆದುಕೊಂಡು ಹೋಗಬೇಕೆಂದು ಅಕ್ಕ ನಿಷ್ಕರ್ಷೆ ಮಾಡಿದಳು. ಹೋಗುವ ಹಿಂದಿನ ದಿನ ಹುಡುಗಿ ಗೋಡೆಯ ಹತ್ತಿರ ಬಂದು ನನ್ನ ಕೈ ಹಿಡಿದು ನಿಂತಳು. ಕಣ್ಣು ಹೇಗಿವೆ ಎಂದು ಕೇಳಲಿಲ್ಲ.

ಸಂತೆಯ ದಿನ ಬಸ್ಸು ಬಂದು ಹೋಯಿತು. ಮೂಲೆಮನೆಯಿಂದ ಯಾರೂ ಹೊರಡಲಿಲ್ಲ. ಸ್ವಲ್ಪ ಹೊತ್ತಿಗೆ ಆ ಮಗನೇ ನಮ್ಮ ಅಂಗಡಿಗೆ ಬಂದ.

“ಅಕ್ಕಾರ, ಅವ್ವಗ ಎದ್ದ ಕುಂದ್ರಾಕ ಆಗವಲ್ಲದು. ಒಗ್ಗರಣಿ ವಾಸನಿ ಬಂದ್ರ ವಾಂತಿ ಮಾಡ್ಕೊಳ್ಳಾಕತ್ತಾಳ. ಕಣ್ಣ ನೋಡಬರ್ರಿ.”

ಮೆಟ್ಟಿಲು ಹತ್ತುವುದಿಲ್ಲ ಎಂಬ ಶಪಥ ಹಾಳಾಗಿ ಹೋಗಲಿ ಎಂದು ಹೋದೆ. ಅಕ್ಕ ಅದೇ ಒಳಕೋಣೆಯಲ್ಲಿ, ಅದೇ ಚೀಲಗಳ ಪಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಲ್ಲು ತಿಂದು ಕರಗಿಸಿದವಳ ಕಣ್ಣು ಹಚ್ಚ ಹಳದಿಯಾಗಿದ್ದವು. ಓಣಿಯ ಹೆಂಗಸರು ಆಗಲೇ ಬೀದಿಯಲ್ಲಿ ಗುಂಪಾಗಿ, ‘ಸೊಸಿ ತಂದ ಬಳುವಳಿ’ ಎಂದು ಅಂದುಕೊಳ್ಳುತ್ತಿದ್ದರು. ಜತ್ತಕ್ಕೆ ಮದುವೆ ಮಾಡಿಕೊಟ್ಟಿದ್ದ ಅಕ್ಕನ ಮಗಳಿಗೆ ಸುದ್ದಿ ಹೋಯಿತು. ಮರುದಿನ ನಾನು ಅಲ್ಲಿರುವಾಗಲೇ ಮಗಳು ಬಂದಳು, ಮೂಗಿಗೆ ಸೆರಗು ಹಿಡಿದು ಹೊಸ್ತಿಲ ಹೊರಗೇ ನಿಂತು ‘ಅವ್ವಾ’ ಎಂದು ಎರಡು ಸಲ ಕರೆದಳು. ಊಟದ ತಾಟನ್ನು ಹೊಸ್ತಿಲ ಮೇಲಿಟ್ಟು ಕಾಲಿನಿಂದ ಒಳಗೆ ಸರಿಸಿದಳು.

ಆ ಸದ್ದು ನನಗೆ ಗೊತ್ತು. ನೆಲದ ಮೇಲೆ ತಾಟು ಕಿರ್ರೆಂದು ಸರಿಯುವ ಸದ್ದು. ಅಕ್ಕ ಆ ಕಡೆ ತಿರುಗಿ ನೋಡಿದಳು. ತಾಟು ನೋಡಿದಳು, ಮಗಳ ಕಾಲು ನೋಡಿದಳು, ಮತ್ತೆ ಗೋಡೆಗೆ ಮುಖ ಮಾಡಿದಳು. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಆ ಗಳಿಗೆಯಲ್ಲಿ ಇಳಿದು, ಬರೀ ಮರುಕ ಉಳಿಯಿತು. ನಾನು ಸೆರಗು ಬಿಗಿದು ಅವಳೆದುರು ಕೂರಲು ಹೋದೆ.

ಅಷ್ಟರಲ್ಲಿ ಹಿಂದಿನಿಂದ ಹುಡುಗಿ ಬಂದಳು. ಕೈಯಲ್ಲಿ ದೊಡ್ಡ ಗಂಗಾಳ, ಅದರಲ್ಲಿ ಬಿಸಿ ನುಚ್ಚು, ಮಜ್ಜಿಗೆ.

“ಅಕ್ಕಾರ, ನೀವು ಸರೀರಿ,” ಎಂದಳು. “ನನಗೂ ಬಂದು ಹೋಗೇತಿ.”

ನಾನು ಸರಿದೆ. ಅವಳು ಗಂಗಾಳವನ್ನು ಅತ್ತೆಯ ಮುಂದಿಟ್ಟು ಚಕ್ಕಳಮಕ್ಕಳ ಹಾಕಿ ಕೂತಳು. ನುಚ್ಚಿಗೆ ಮಜ್ಜಿಗೆ ಸುರಿದು ಕೈಯಿಂದ ಕಲಸಿದಳು. ಒಂದು ತುತ್ತು ತಾನು ತಿಂದಳು.

“ಅತ್ತಿ, ಏಳ್ರಿ. ಒಬ್ಬರ ಉಂಡ್ರ ಇಳಿಯೂದಿಲ್ಲ. ನಾ ನಿಮ್ಮ ಜೋಡಿ ಉಣ್ತೀನಿ.”

ಅಕ್ಕ ಅಲುಗಲಿಲ್ಲ. ಹುಡುಗಿ ಮತ್ತೊಂದು ತುತ್ತು ಕಲಸಿ ಕಾದಳು. ಬಾಗಿಲಲ್ಲಿ ಮಗಳು ಸೆರಗು ಹಿಡಿದುಕೊಂಡೇ ನಿಂತಿದ್ದಳು, ಮಗ ಎಂದಿನಂತೆ ನೆಲ ನೋಡುತ್ತಿದ್ದ. ನನಗೆ ಏನಾದರೂ ಅನ್ನಬೇಕೆಂದು ನಾಲಿಗೆ ತುರಿಸುತ್ತಿತ್ತು, ದೇವರು ದೊಡ್ಡವನು, ಸುಮ್ಮನಿದ್ದೆ. ಕೊನೆಗೆ ಅಕ್ಕ ಗೋಡೆ ಹಿಡಿದು ಎದ್ದು ಕೂತಳು. ಸೊಸೆಯ ಮುಖ ನೋಡದೆ ಗಂಗಾಳಕ್ಕೆ ಕೈ ಹಾಕಿದಳು. ಇಬ್ಬರೂ ಒಂದೇ ಗಂಗಾಳದಲ್ಲಿ ಉಂಡರು. ಅರ್ಧ ಗಂಗಾಳ ಖಾಲಿಯಾದ ಮೇಲೆ ಅಕ್ಕ ತಲೆ ಎತ್ತಿ ಬಾಗಿಲ ಕಡೆ ನೋಡಿದಳು.

“ಆ ಟ್ರಂಕ ತಗದು ಒಳಗ ಇಡು,” ಎಂದಳು ಸೊಸೆಗೆ. “ದಾರ್ಯಾಗ ಐತಿ, ಬಂದ ಹೋದವರ ಕಾಲಿಗೆ ಬಡೀತೈತಿ.”

ಹುಡುಗಿ ಕೈ ತೊಳೆದುಕೊಂಡು ಎದ್ದಳು. ಟ್ರಂಕಿನ ಒಂದು ಹಿಡಿಕೆ ಅವಳು ಹಿಡಿದಳು, ಇನ್ನೊಂದು ನಾನು. ಅವಳ ಕಣ್ಣಿನಿಂದ ನೀರು ಟ್ರಂಕಿನ ಮೇಲೆ ತಟತಟ ಬೀಳುತ್ತಿತ್ತು, ನನ್ನದೂ ಹಾಗೆಯೇ ಆಗಿತ್ತು. ಇಬ್ಬರೂ ಅದನ್ನು ಒಳಗೆ ಒಯ್ದು ಅಕ್ಕನ ಟ್ರಂಕಿನ ಪಕ್ಕ ಇಟ್ಟೆವು.